ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಡಿಸ್‌ಪ್ಲೇ ಬರ್ತಿಲ್ಲ: ದೋಷ ಹುಡುಕುವ ಬಗೆ

ಕಾರ್ಡ್ ಕೂರಿಸಿ, ಕೇಬಲ್ ಸಿಕ್ಕಿಸಿ ಬಟನ್ ಒತ್ತಿದರೆ ಫ್ಯಾನುಗಳು ತಿರುಗುತ್ತವೆ, ಕ್ಯಾಬಿನೆಟ್ಟಿನ ಬಣ್ಣದ ದೀಪಗಳೂ ಉರಿಯುತ್ತವೆ, ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಎಂದು ತೋರಿಸಿ ಮಲಗಿಬಿಡುತ್ತದೆ. ಆಗ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ‘ಕಾರ್ಡ್ ಡೆಡ್’. ಪೆಟ್ಟಿಗೆಯಿಂದಲೇ ಕೆಟ್ಟು ಬರುವ ಕಾರ್ಡುಗಳು ಇಲ್ಲವೆಂದಲ್ಲ. ಆದರೆ ಅನುಮಾನದ ಸಾಲಿನಲ್ಲಿ ಅದನ್ನು ಕೊನೆಗೆ ನಿಲ್ಲಿಸಿ. ಅದಕ್ಕಿಂತ ಮುಂದೆ ಕೇಬಲ್ ಇದೆ, ಯಂತ್ರಕ್ಕೆಲ್ಲ ಕರೆಂಟ್ ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್ ಇದೆ, ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ ಬಯೋಸ್ ಇದೆ, ಕಾರ್ಡ್ ಕೂರಿಸುವಾಗ ಕೈ ತಾಗಿ ಸಡಿಲವಾದ ರ‍್ಯಾಮ್ ಇದೆ.

ಹುಡುಕಲು ಹೊರಟಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಚಿತ್ರ ಯಾವ ಹಂತದಲ್ಲಿ ನಿಂತಿತು? ಬಟನ್ ಒತ್ತಿದ ಗಳಿಗೆಯಿಂದಲೂ ಏನೂ ಇಲ್ಲವೇ? ಮದರ್‌ಬೋರ್ಡ್ ಕಂಪನಿಯ ಲೋಗೋ ಕಾಣಿಸಿ, ವಿಂಡೋಸ್ ಶುರುವಾಗುವಾಗ ಕಪ್ಪಾಯಿತೇ? ಡೆಸ್ಕ್‌ಟಾಪ್‌ವರೆಗೂ ಬಂದು, ಗೇಮ್ ತೆರೆದಾಗ ಹೋಯಿತೇ? ಅಥವಾ ಯಂತ್ರ ಆನ್ ಆಗುತ್ತಲೇ ಇಲ್ಲವೇ? ಈ ನಾಲ್ಕಕ್ಕೂ ಮದ್ದು ಬೇರೆಬೇರೆ. ಲೋಗೋ ಕಾಣಿಸಿದ ಯಂತ್ರದಲ್ಲಿ ಕಾರ್ಡ್ ಕೂರುವ ಸ್ಲಾಟನ್ನು ಹತ್ತು ಸಲ ಉಜ್ಜಿ ಉಪಯೋಗವಿಲ್ಲ. ಲೋಗೋವೇ ಬಾರದ ಯಂತ್ರಕ್ಕೆ ಡ್ರೈವರ್ (ಕಾರ್ಡ್ ನಡೆಸಲು ವಿಂಡೋಸಿಗೆ ಬೇಕಾದ ತಂತ್ರಾಂಶ) ಹುಡುಕುತ್ತ ಕೂರುವುದೂ ಅಷ್ಟೇ ದಂಡ.

ಯಂತ್ರ ಓಡುತ್ತಿದೆಯೇ?

ಫ್ಯಾನ್ ತಿರುಗುತ್ತಿದೆ ಎಂದ ಮಾತ್ರಕ್ಕೆ ಕಂಪ್ಯೂಟರ್ ಓಡುತ್ತಿದೆ ಎನ್ನುವಂತಿಲ್ಲ. ಎಸ್‌ಎಂಪಿಎಸ್ 12 ವೋಲ್ಟ್ ಕೊಟ್ಟರೆ ಸಾಕು, ಫ್ಯಾನ್ ತಿರುಗುತ್ತದೆ. ಒಳಗೆ ಪ್ರೊಸೆಸರ್ ಕೆಲಸ ಶುರು ಮಾಡಿದೆಯೋ ಇಲ್ಲವೋ ತಿಳಿಯಲು ಕೀಬೋರ್ಡಿನ ನಮ್ ಲಾಕ್ ಅಥವಾ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡಿನ ಪುಟ್ಟ ದೀಪ ಹತ್ತಿ ಆರಿದರೆ ಯಂತ್ರ ತನ್ನ ಸ್ವಯಂ ಪರೀಕ್ಷೆ ಮುಗಿಸಿ ಮುಂದೆ ಹೋಗಿದೆ, ಚಿತ್ರವೊಂದು ಹೊರಬರುತ್ತಿಲ್ಲ ಎಂದು ಅರ್ಥ. ಸ್ಪೀಕರಿನಲ್ಲಿ ವಿಂಡೋಸ್ ಸದ್ದು ಕೇಳಿಸಿದರೆ ಇನ್ನೂ ಒಳ್ಳೆಯದು. ಆಗ ನಿಮ್ಮ ಹುಡುಕಾಟ ಕೇಬಲ್, ಮಾನಿಟರ್, ಡ್ರೈವರ್ ಸುತ್ತಲೇ ಇರಲಿ.

ದೀಪ ಅಲುಗಾಡದಿದ್ದರೆ ಮದರ್‌ಬೋರ್ಡ್ ನೋಡಿ. ಈಚಿನ ಬಹುತೇಕ ಬೋರ್ಡುಗಳಲ್ಲಿ ರ‍್ಯಾಮ್ ಸ್ಲಾಟಿನ ಪಕ್ಕದಲ್ಲೋ ಬೋರ್ಡಿನ ಅಂಚಿನಲ್ಲೋ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಸಣ್ಣ ಎಲ್‌ಇಡಿಗಳಿರುತ್ತವೆ. ಆಸುಸ್ ಇದನ್ನು ಕ್ಯೂ-ಎಲ್‌ಇಡಿ ಎನ್ನುತ್ತದೆ, ಎಂಎಸ್‌ಐ ಈಝೀ ಡಿಬಗ್ ಎಲ್‌ಇಡಿ ಎನ್ನುತ್ತದೆ. ಯಾವುದು ಆರದೆ ನಿಂತಿದೆಯೋ ಅಲ್ಲಿ ಯಂತ್ರ ಸಿಕ್ಕಿಕೊಂಡಿದೆ. ವಿಜಿಎ, ಅಂದರೆ ಗ್ರಾಫಿಕ್ಸಿನ ದೀಪ ನಿಂತಿದ್ದರೆ ನಿಮ್ಮ ಅನುಮಾನ ಸರಿಯಾದ ಕಡೆಗಿದೆ. ಡಿರ‍್ಯಾಮ್ ದೀಪ ನಿಂತಿದ್ದರೆ ಕಾರ್ಡನ್ನು ಬೈಯುವುದು ಬಿಟ್ಟು ರ‍್ಯಾಮ್ ತೆಗೆದು ಮತ್ತೆ ಕೂರಿಸಿ.

ಹಳೆಯ ಬೋರ್ಡುಗಳಲ್ಲಿ ದೀಪವಿಲ್ಲ, ಬೀಪ್ ಇದೆ. ಅದೂ ಬೋರ್ಡಿಗೆ ಪುಟ್ಟ ಸ್ಪೀಕರ್ ಸಿಕ್ಕಿಸಿದ್ದರೆ ಮಾತ್ರ. ಒಂದು ಉದ್ದ, ಎರಡು ಚಿಕ್ಕ ಬೀಪ್ ಬಂದರೆ ಅವಾರ್ಡ್ ಬಯೋಸ್‌ನಲ್ಲಿ ಡಿಸ್‌ಪ್ಲೇ ತೊಂದರೆ ಎಂದರ್ಥ. ಆಸುಸ್ ಬೋರ್ಡುಗಳಲ್ಲಿ ಒಂದು ಉದ್ದ, ಮೂರು ಚಿಕ್ಕ ಬಂದರೆ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಲ್ಲ ಎಂದು. ಉಳಿದ ಬೀಪುಗಳಿಗೆ ನಿಮ್ಮ ಬೋರ್ಡಿನ ಕೈಪಿಡಿಯೇ ಗತಿ. ಒಂದೊಂದು ಕಂಪನಿಯದು ಒಂದೊಂದು ಭಾಷೆ.

ಇಲ್ಲಿ ತಾಳ್ಮೆಯ ಮಾತೊಂದಿದೆ. ಡಿಡಿಆರ್5 ರ‍್ಯಾಮ್ ಇರುವ ಹೊಸ ಯಂತ್ರಗಳು, ಅದರಲ್ಲೂ ಎಎಂಡಿಯ ಎಎಂ5 ಬೋರ್ಡುಗಳು, ಮೊದಲ ಸಲ ಆನ್ ಮಾಡಿದಾಗ ಅಥವಾ ಬಯೋಸ್ ರೀಸೆಟ್ ಮಾಡಿದ ಮೇಲೆ ರ‍್ಯಾಮನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಅಷ್ಟು ಹೊತ್ತೂ ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ಅರ್ಧ ನಿಮಿಷಕ್ಕೆ ಬೇಸತ್ತು ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಎದ್ದು ಹೋಗಿ ಒಂದು ಲೋಟ ಕಾಫಿ ಮಾಡಿಕೊಂಡು ಬನ್ನಿ.

ಇನ್ನು ಕಾರ್ಡಿನ ಫ್ಯಾನ್ ತಿರುಗದಿದ್ದರೆ ಹೆದರಬೇಡಿ. ಈಗಿನ ಕಾರ್ಡುಗಳಲ್ಲಿ ಹೆಚ್ಚಿನವು ಬಿಸಿಯಾಗುವವರೆಗೆ ಫ್ಯಾನ್ ನಿಲ್ಲಿಸಿಯೇ ಇಡುತ್ತವೆ. ಆನ್ ಮಾಡಿದಾಗ ಒಮ್ಮೆ ಸುತ್ತಿ ನಿಂತರೆ ಅದು ಸರಿಯಾಗಿದೆ ಎಂದೇ ಲೆಕ್ಕ.

ಕೇಬಲ್ ಎಲ್ಲಿಗೆ ಹೋಗಿದೆ?

ಹೇಳಲು ಸಂಕೋಚವಾಗುವಷ್ಟು ಸಣ್ಣ ವಿಷಯ, ಆದರೂ ಇದೇ ದೊಡ್ಡ ಕಾರಣ. ಮಾನಿಟರ್ ಕೇಬಲ್ ಇನ್ನೂ ಮದರ್‌ಬೋರ್ಡಿನ ಎಚ್‌ಡಿಎಂಐ ಪೋರ್ಟಿನಲ್ಲೇ ಇರುತ್ತದೆ. ಕಂಪ್ಯೂಟರಿನ ಹಿಂಭಾಗ ನೋಡಿ: ಯುಎಸ್‌ಬಿ, ಆಡಿಯೋ ತೂತುಗಳ ಜೊತೆಗಿರುವುದು ಬೋರ್ಡಿನ ಪೋರ್ಟು. ಅದರ ಕೆಳಗೆ ಅಡ್ಡಡ್ಡವಾಗಿ, ಬೇರೆ ಪಟ್ಟಿಯಲ್ಲಿ ಇರುವುದು ಕಾರ್ಡಿನವು. ಕೇಬಲ್ ಕಾರ್ಡಿಗೇ ಹೋಗಬೇಕು.

ಬೋರ್ಡಿನಲ್ಲಿ ಎಚ್‌ಡಿಎಂಐ ತೂತು ಇದ್ದ ಮಾತ್ರಕ್ಕೆ ಅಲ್ಲಿಂದ ಚಿತ್ರ ಬರಲೇಬೇಕೆಂದಿಲ್ಲ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ, ಉದಾಹರಣೆಗೆ ಐ3-12100ಎಫ್ ಅಥವಾ ಐ5-12400ಎಫ್, ಅದರೊಳಗೆ ಗ್ರಾಫಿಕ್ಸ್ ಇಲ್ಲ. ಎಎಂಡಿಯ ರೈಝನ್ 5 5600, 5600ಎಕ್ಸ್ ಮೊದಲಾದವುಗಳಲ್ಲೂ ಇಲ್ಲ, 5600ಜಿ ಯಲ್ಲಿ ಇದೆ. ರೈಝನ್ 7000 ಸರಣಿಯಿಂದ ಈಚೆಗೆ ಹೆಚ್ಚಿನವುಗಳಲ್ಲಿ ಪುಟ್ಟ ಗ್ರಾಫಿಕ್ಸ್ ಒಳಗೇ ಬರುತ್ತದೆ, 7500ಎಫ್‌ನಂಥವನ್ನು ಬಿಟ್ಟು. ಪ್ರೊಸೆಸರಿನ ಪೂರ್ತಿ ಹೆಸರು ತಿಳಿದಿರುವುದು ಮುಂದಿನ ಎಲ್ಲ ಪರೀಕ್ಷೆಗೂ ಬೇಕು. ಒಳಗೆ ಗ್ರಾಫಿಕ್ಸ್ ಇದ್ದರೆ ಕಾರ್ಡ್ ತೆಗೆದು ಬೋರ್ಡಿನಿಂದಲೇ ಚಿತ್ರ ಪಡೆಯಬಹುದು, ಕೆಲಸ ಅರ್ಧ ಹಗುರ.

ಮಾನಿಟರಿನ ಇನ್‌ಪುಟ್ ಬಟನ್ ಒತ್ತಿ ಎಚ್‌ಡಿಎಂಐ 1, ಎಚ್‌ಡಿಎಂಐ 2, ಡಿಸ್‌ಪ್ಲೇ ಪೋರ್ಟ್ ಎಲ್ಲವನ್ನೂ ನೋಡಿ. ತಾನಾಗಿ ಹುಡುಕುತ್ತೇನೆ ಎನ್ನುವ ಮಾನಿಟರುಗಳು ಕೆಲವೊಮ್ಮೆ ಹುಡುಕುವುದೇ ಇಲ್ಲ. ಕಾರ್ಡಿನಲ್ಲಿ ಮೂರ್ನಾಲ್ಕು ಪೋರ್ಟುಗಳಿರುತ್ತವೆ, ಒಂದೊಂದರಲ್ಲೂ ಸಿಕ್ಕಿಸಿ ನೋಡಿ. ಪ್ರತಿ ಸಲವೂ ಆಫ್ ಮಾಡಿ, ಕೇಬಲ್ ಬದಲಿಸಿ, ಮತ್ತೆ ಆನ್ ಮಾಡಿ. ಪೋರ್ಟುಗಳಿಗೆ ತುರುಕಿರುವ ರಬ್ಬರ್ ಅಥವಾ ಪ್ಲಾಸ್ಟಿಕ್ ಮುಚ್ಚಳ ತೆಗೆದಿದ್ದೀರಾ ಎಂದೂ ನೋಡಿಕೊಳ್ಳಿ. ಮನೆಯ ಟಿವಿಗೆ ಎಚ್‌ಡಿಎಂಐ ಸಿಕ್ಕಿಸಿ ನೋಡುವುದು ಒಳ್ಳೆಯ ಉಪಾಯ.

ಟಿವಿಗೆ ಸಿಕ್ಕಿಸುವ ಮುಂಚೆ ಟಿವಿ, ಕಂಪ್ಯೂಟರ್ ಎರಡನ್ನೂ ಪ್ಲಗ್ಗಿನಿಂದ ಕಿತ್ತಿಡಿ. ನಮ್ಮ ಎಷ್ಟೋ ಮನೆಗಳಲ್ಲಿ ಅರ್ತಿಂಗ್ ನೆಟ್ಟಗಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತದಲ್ಲ, ಅದೇ ಲಕ್ಷಣ. ಅರ್ತ್ ಇಲ್ಲದಾಗ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಸೋರುವ ಕರೆಂಟಿಗೆ ಹೋಗಲು ದಾರಿಯಿಲ್ಲ, ಅದು ಕ್ಯಾಬಿನೆಟ್ ಮೇಲೆಯೇ ನಿಲ್ಲುತ್ತದೆ. ಇನ್ನೊಂದು ಕಡೆ ಡಿಶ್ ಅಥವಾ ಕೇಬಲ್ ವೈರು ಸಿಕ್ಕಿಸಿಕೊಂಡ ಟಿವಿ. ಎರಡೂ ಆನ್ ಇರುವಾಗ ಎಚ್‌ಡಿಎಂಐ ಸಿಕ್ಕಿಸಿದರೆ ಆ ಕರೆಂಟು ಪೋರ್ಟಿನ ಮೂಲಕ ಹಾಯ್ದು ಒಳ್ಳೆಯ ಕಾರ್ಡೂ ಕೆಡಬಹುದು.

ಹಳೆಯ ವಿಜಿಎ ಮಾನಿಟರ್ ಇಟ್ಟುಕೊಂಡವರಿಗೆ ಬೇರೆಯೇ ಪಾಡು. ನೀಲಿ ಬಣ್ಣದ ಆ ಕೇಬಲ್ ಒಯ್ಯುವುದು ಅನಲಾಗ್ ಸಂಕೇತ. 2016ರಲ್ಲಿ ಬಂದ ಎನ್ವಿಡಿಯಾದ ಜಿಟಿಎಕ್ಸ್ 10 ಸರಣಿಯ ಜಿಟಿಎಕ್ಸ್ ಕಾರ್ಡುಗಳಿಂದಲೇ ಅನಲಾಗ್ ಮಾಯವಾಗಿದೆ. ಡಿವಿಐ ಪೋರ್ಟ್ ಇದ್ದರೂ ಅದು ಡಿಜಿಟಲ್ ಮಾತ್ರದ ಡಿವಿಐ-ಡಿ. ಮೂಲೆಯ ಉದ್ದ ಪಟ್ಟಿಯ ಸುತ್ತ ನಾಲ್ಕು ತೂತು ಇಲ್ಲದಿದ್ದರೆ ಅನಲಾಗ್ ಇಲ್ಲ ಎಂದು ತಿಳಿಯಿರಿ. ಅದಕ್ಕೆ ಅಗ್ಗದ ಡಿವಿಐ-ವಿಜಿಎ ಕನ್ವರ್ಟರ್ ತುರುಕಿದರೆ ಏನೂ ಬರುವುದಿಲ್ಲ. ಒಳಗೆ ಚಿಪ್ ಇರುವ ಎಚ್‌ಡಿಎಂಐ-ವಿಜಿಎ ಆಕ್ಟಿವ್ ಕನ್ವರ್ಟರ್ ಬೇಕು. ಹಾಗೆಯೇ ಡಿಸ್‌ಪ್ಲೇ ಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಸಾಮಾನ್ಯ ಕೇಬಲ್ ಒಂದೇ ದಿಕ್ಕಿನದು: ಕಾರ್ಡಿನ ಕಡೆ ಡಿಸ್‌ಪ್ಲೇ ಪೋರ್ಟ್, ಮಾನಿಟರ್ ಕಡೆ ಎಚ್‌ಡಿಎಂಐ. ತಿರುಗಿಸಿ ಹಾಕಿದರೆ ಕೇಬಲ್ ಕೂರುತ್ತದೆ, ಚಿತ್ರ ಬರುವುದಿಲ್ಲ.

ಸ್ಲಾಟ್ ಮತ್ತು ರ‍್ಯಾಮ್

ಈಗ ಸೈಡ್ ಪ್ಯಾನೆಲ್ ತೆಗೆಯಬಹುದು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಇಳಿಯುತ್ತದೆ. ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಮೈಮೇಲಿನ ಸ್ಟ್ಯಾಟಿಕ್ ಇಳಿಸಿಕೊಳ್ಳಿ. ಚಳಿಗಾಲದ ಒಣ ಹವೆಯ ಊರುಗಳಲ್ಲಿ ಇದನ್ನು ಮರೆಯಬಾರದು.

ಕಾರ್ಡ್ ಪ್ರೊಸೆಸರಿಗೆ ಹತ್ತಿರದ ಉದ್ದ ಸ್ಲಾಟಿನಲ್ಲೇ ಇರಲಿ. ಕೆಳಗಿನ ಇನ್ನೊಂದು ಉದ್ದ ಸ್ಲಾಟ್ ನೋಡಲು ಅದೇ ಅಳತೆಯದಾದರೂ ಅನೇಕ ಬೋರ್ಡುಗಳಲ್ಲಿ ಒಳಗೆ ಮಾಹಿತಿ ಓಡುವ ಲೇನ್ ನಾಲ್ಕೇ ಇರುತ್ತದೆ, ಕೆಲವೊಮ್ಮೆ ಎಂ.2 ಎಸ್‌ಎಸ್‌ಡಿ ಹಾಕಿದರೆ ಅದು ಬಂದ್ ಆಗುವುದೂ ಉಂಟು. ಕಾರ್ಡ್ ಒತ್ತಿದಾಗ ಸ್ಲಾಟಿನ ಕೊನೆಯ ಪ್ಲಾಸ್ಟಿಕ್ ಲಾಕ್ ‘ಟಕ್’ ಎನ್ನಬೇಕು. ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ತೊಂದರೆ ಬರುವುದು ಹಿಂದಿನ ಪಟ್ಟಿಯಿಂದ. ತಗಡು ಒಂದೆರಡು ಮಿಲಿಮೀಟರ್ ಆಚೀಚೆ ಇದ್ದರೆ ಕಾರ್ಡಿನ ಬ್ರಾಕೆಟ್ ಅದಕ್ಕೆ ತಗುಲಿ ಹಿಂಭಾಗ ಪೂರ್ತಿ ಇಳಿಯುವುದಿಲ್ಲ, ಅಥವಾ ಸ್ಕ್ರೂ ಬಿಗಿ ಮಾಡುವಾಗ ಇನ್ನೊಂದು ತುದಿ ಮೇಲೆದ್ದುಬಿಡುತ್ತದೆ. ಸ್ಕ್ರೂ ಹಾಕದೆ, ಕ್ಯಾಬಿನೆಟ್ ಮಲಗಿಸಿ, ಕಾರ್ಡ್ ನೆಟ್ಟಗೆ ನಿಲ್ಲಿಸಿ ಒಮ್ಮೆ ಆನ್ ಮಾಡಿ. ಚಿತ್ರ ಬಂದರೆ ಕಾರಣ ಸಿಕ್ಕಿತು. ಎರಡು ಮೂರು ಫ್ಯಾನಿನ ಭಾರದ ಕಾರ್ಡುಗಳು ಜೋತುಬಿದ್ದಾಗಲೂ ಇದೇ ಪರೀಕ್ಷೆ ಸಾಕು.

ರ‍್ಯಾಮ್ ಪಟ್ಟಿಗಳನ್ನೂ ತೆಗೆದು ಮತ್ತೆ ಕೂರಿಸಿ. ವರ್ಷಗಟ್ಟಲೆ ಅಲುಗಾಡದೆ ಇದ್ದ ರ‍್ಯಾಮ್, ಬೋರ್ಡ್ ಮೇಲೆ ಒತ್ತಡ ಬಿದ್ದಾಗ ಸಂಪರ್ಕ ಕಳೆದುಕೊಳ್ಳುವುದು ಮಾಮೂಲು. ಕರಾವಳಿಯ ತೇವದ ಹವೆಯಲ್ಲಿ ಇದ್ದ ಯಂತ್ರವಾದರೆ ಸಂಪರ್ಕಗಳ ಮೇಲೆ ಪೊರೆ ಕಟ್ಟಿರಬಹುದು. ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸುವುದು ಸರಿಯಾದ ಕ್ರಮ. ಅಂಗಡಿಗಳಲ್ಲಿ ಎಲ್ಲರೂ ಮಾಡುವಂತೆ ಪೆನ್ಸಿಲ್ ರಬ್ಬರಿನಲ್ಲಿ ಉಜ್ಜುವುದಾದರೆ ಮೆಲ್ಲಗೆ ಉಜ್ಜಿ, ಚೂರುಗಳು ಸ್ಲಾಟಿಗೆ ಬೀಳದಂತೆ ದೂರದಲ್ಲಿ ಕೊಡವಿ. ಹೊಸ ಕಾರ್ಡಿನ ಅಂಚನ್ನು ಮಾತ್ರ ಉಜ್ಜಬೇಡಿ. ಹೊಸದಕ್ಕೆ ಅದು ಬೇಕಿಲ್ಲ, ಗೀರು ಕಂಡರೆ ವಾರಂಟಿಯವರು ತಕರಾರು ತೆಗೆಯುತ್ತಾರೆ.

ಕಾರ್ಡನ್ನು ಸ್ಲಾಟಿನಿಂದ ದೂರ ನಿಲ್ಲಿಸಲು ಬಳಸುವ ರೈಸರ್ ಕೇಬಲಿನಲ್ಲಿ ನಿಲ್ಲಿಸಿದ್ದರೆ ಅದನ್ನು ತೆಗೆದು ನೇರವಾಗಿ ಬೋರ್ಡಿಗೆ ಹಾಕಿ ನೋಡಿ. ಪಿಸಿಐಇ (ಕಾರ್ಡ್ ಸ್ಲಾಟಿನ ಸಂಪರ್ಕ ಪದ್ಧತಿ) 3ರ ಕಾಲದ ರೈಸರಿನಲ್ಲಿ 4ನೇ ತಲೆಮಾರಿನ ಕಾರ್ಡ್ ಹಾಕಿದರೆ ಸ್ಕ್ರೀನ್ ಕಪ್ಪಾಗುವುದು ಗೊತ್ತಿರುವ ರೋಗ. ಬಯೋಸ್‌ನಲ್ಲಿ ಸ್ಲಾಟನ್ನು ‘ಜೆನ್3’ಗೆ ಇಳಿಸಿದರೆ ವಾಸಿಯಾಗುತ್ತದೆ.

ಕರೆಂಟಿನ ಲೆಕ್ಕ

ನನ್ನ ಮಟ್ಟಿಗೆ ಹೇಳುವುದಾದರೆ, ಕೇಬಲಿನ ನಂತರ ನಾನು ಮೊದಲು ನೋಡುವುದು ಎಸ್‌ಎಂಪಿಎಸ್ ಮೇಲಿನ ಚೀಟಿ. ನಮ್ಮಲ್ಲಿ ಪ್ರೊಸೆಸರಿಗೂ ಕಾರ್ಡಿಗೂ ಸಾವಿರಾರು ರೂಪಾಯಿ ಸುರಿದು, ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ಸನ್ನೇ ಮುಂದುವರಿಸುವ ಅಭ್ಯಾಸ ಬೇರೂರಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿಕೊಂಡು ಬಂದ ಯಂತ್ರವಾಗಲಿ, ಊರಿನ ಅಂಗಡಿಯದಾಗಲಿ, ಬಜೆಟ್ ಕಡಿಮೆ ಮಾಡಬೇಕಾದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ.

ಪಿಸಿಐಇ ಸ್ಲಾಟ್ ಕಾರ್ಡಿಗೆ ಕೊಡಬಹುದಾದದ್ದು ಹೆಚ್ಚೆಂದರೆ 75 ವ್ಯಾಟ್. 19 ವ್ಯಾಟಿನ ಜಿಟಿ 710, 75 ವ್ಯಾಟಿನ ಹೆಚ್ಚಿನ ಜಿಟಿಎಕ್ಸ್ 1650ಗಳು, 70 ವ್ಯಾಟಿನ 6 ಜಿಬಿ ಆರ್‌ಟಿಎಕ್ಸ್ 3050 ಇಷ್ಟರಲ್ಲೇ ಬದುಕುತ್ತವೆ. ಅದಕ್ಕಿಂತ ದೊಡ್ಡವಕ್ಕೆ ಎಸ್‌ಎಂಪಿಎಸ್‌ನಿಂದ ನೇರ ವೈರು ಬೇಕು. 6 ಪಿನ್ನಿನದು ಇನ್ನೂ 75 ವ್ಯಾಟ್ ಕೊಡುತ್ತದೆ, 8 ಪಿನ್ನಿನದು 150. ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್ ಬೇಕು, ಆರ್‌ಎಕ್ಸ್ 6600ಕ್ಕೆ 132, ಆರ್‌ಟಿಎಕ್ಸ್ 3060ಕ್ಕೆ 170. ಪವರ್ ವೈರು ಮರೆತರೆ ಕೆಲವು ಎನ್ವಿಡಿಯಾ ಕಾರ್ಡುಗಳು ‘ಆಫ್ ಮಾಡಿ ಪವರ್ ಕೇಬಲ್ ಸಿಕ್ಕಿಸಿ’ ಎಂದು ಇಂಗ್ಲಿಷಿನಲ್ಲಿ ಬರೆದೇ ತೋರಿಸುತ್ತವೆ, ಕೆಲವು ಕಾರ್ಡುಗಳಲ್ಲಿ ಸಾಕೆಟ್ಟಿನ ಹತ್ತಿರ ಕೆಂಪು ದೀಪ ಹತ್ತುತ್ತದೆ, ಉಳಿದವು ಮೌನವಾಗಿರುತ್ತವೆ.

ಈಗ ಚೀಟಿ ಓದಿ. ದೊಡ್ಡ ಅಕ್ಷರದ ‘450 ವ್ಯಾಟ್’ ನಂಬಬೇಡಿ. ‘+12 ವೋಲ್ಟ್’ ಎಂಬ ಕಾಲಮ್ಮಿನಡಿ ಎಷ್ಟು ಆಂಪಿಯರ್ ಇದೆ ನೋಡಿ, ಅದನ್ನು 12ರಿಂದ ಗುಣಿಸಿ. 18 ಆಂಪಿಯರ್ ಎಂದಿದ್ದರೆ 216 ವ್ಯಾಟ್. ಅಷ್ಟೇ ನಿಜವಾದ ಬಂಡವಾಳ. ಐ5-12400ಎಫ್ ಪೂರ್ತಿ ಭಾರದಲ್ಲಿ 117 ವ್ಯಾಟ್‌ವರೆಗೆ ಎಳೆಯುತ್ತದೆ, ಆರ್‌ಟಿಎಕ್ಸ್ 3060 ಸೇರಿದರೆ 287. ಫ್ಯಾನು, ಡಿಸ್ಕು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಈ ಕಾರ್ಡಿಗೆ ಎನ್ವಿಡಿಯಾ 550 ವ್ಯಾಟಿನ ಎಸ್‌ಎಂಪಿಎಸ್ ಬೇಕೆನ್ನುವುದು ಸುಮ್ಮನಲ್ಲ.

ಆದರೂ ಸಾಮರ್ಥ್ಯ ಕಡಿಮೆಯಾದರೆ ಸಾಮಾನ್ಯವಾಗಿ ಲೋಗೋ ಬರುತ್ತದೆ, ಡೆಸ್ಕ್‌ಟಾಪೂ ಬರುತ್ತದೆ. ಗೇಮ್ ತೆರೆದಾಗ ಕುಸಿಯುತ್ತದೆ. ಮೊದಲಿನಿಂದಲೇ ಕಪ್ಪಾಗಿದ್ದರೆ ವೈರಿನ ದಾರಿಯಲ್ಲೇ ತಪ್ಪಿರುವ ಸಾಧ್ಯತೆ ಹೆಚ್ಚು. ಹಾರ್ಡ್ ಡಿಸ್ಕಿನ ಮೋಲೆಕ್ಸ್ ವೈರಿನಿಂದ 8 ಪಿನ್ ಮಾಡುವ ಕನ್ವರ್ಟರುಗಳನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಸಾಟಾ ವೈರಿನಿಂದ ಮಾಡುವವಂತೂ ಬಿಸಿಯಾಗಿ ಕರಗುತ್ತವೆ. ಎಸ್‌ಎಂಪಿಎಸ್‌ನಲ್ಲಿ 6+2 ಎಂದು ಬಿಡಿಬಿಡಿಯಾಗುವ ವೈರೇ ಇಲ್ಲದಿದ್ದರೆ ಅದು ಇಂಥ ಕಾರ್ಡಿಗಾಗಿ ಮಾಡಿದ್ದಲ್ಲ ಎಂದು ತಿಳಿದುಕೊಳ್ಳಿ.

ಪ್ರೊಸೆಸರಿಗೆ ಹೋಗುವ 8 ಪಿನ್ ವೈರನ್ನು ಕಾರ್ಡಿಗೆ ತುರುಕಬೇಡಿ. ಅದು 4+4 ಆಗಿ ಬಿಡಿಯಾಗುತ್ತದೆ, ಕಾರ್ಡಿನದು 6+2. ಪಿನ್ನುಗಳ ಆಕಾರ ಬೇರೆ ಇರುವುದರಿಂದ ಸುಲಭವಾಗಿ ಕೂರುವುದಿಲ್ಲ, ಬಲ ಹಾಕಿದರೆ ಕೂರಬಹುದು. ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಅದೃಷ್ಟವಿದ್ದರೆ ಎಸ್‌ಎಂಪಿಎಸ್ ತಾನೇ ಕಟ್ ಆಗುತ್ತದೆ, ಇಲ್ಲದಿದ್ದರೆ ಕಾರ್ಡ್ ಹೋಗುತ್ತದೆ. ಬಟನ್ ಒತ್ತಿದಾಗ ಫ್ಯಾನ್ ಒಮ್ಮೆ ಜರಗಿ ನಿಂತು, ಕಾರ್ಡ್ ತೆಗೆದರೆ ಯಂತ್ರ ಎಂದಿನಂತೆ ಆನ್ ಆದರೆ ಇದನ್ನೇ ಮೊದಲು ಅನುಮಾನಿಸಿ. ವೈರುಗಳನ್ನು ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಬದಲಿಸಿದವರು ಹಳೆಯದರ ವೈರುಗಳನ್ನು ಹೊಸದಕ್ಕೆ ಬಳಸಲೇಬಾರದು. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ ಎಲ್ಲಿ ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು.

ದುಬಾರಿ ಕಾರ್ಡುಗಳಲ್ಲಿ 16 ಪಿನ್ನಿನ ಸಣ್ಣ ಸಾಕೆಟ್ ಇರುತ್ತದೆ, 600 ವ್ಯಾಟ್‌ವರೆಗೆ ಒಯ್ಯುತ್ತದೆ. 2022ರಲ್ಲಿ ಆರ್‌ಟಿಎಕ್ಸ್ 4090 ಬಂದಾಗ ಪೂರ್ತಿ ಕೂರದ ಈ ಕನೆಕ್ಟರುಗಳು ಕರಗಿದ ಸುದ್ದಿ ಎಲ್ಲೆಡೆ ಓಡಾಡಿತ್ತು. ಆಮೇಲಿನ 12ವಿ-2×6 ಎಂಬ ತಿದ್ದುಪಡಿಯಲ್ಲಿ, ಕೇಬಲ್ ಕೂತಿದೆಯೇ ಎಂದು ಕಾರ್ಡಿಗೆ ತಿಳಿಸುವ ಸೆನ್ಸ್ ಪಿನ್ನುಗಳನ್ನು ಗಿಡ್ಡ ಮಾಡಿದ್ದಾರೆ, ಕೇಬಲ್ ಪೂರ್ತಿ ಇಳಿಯದಿದ್ದರೆ ಕಾರ್ಡ್ ಕರೆಂಟ್ ಎಳೆಯುವುದೇ ಇಲ್ಲ. ಹಾಗಾಗಿ ಅಲ್ಲಿ ಡಿಸ್‌ಪ್ಲೇ ಬಾರದಿದ್ದರೆ ಮೊದಲು ಕನೆಕ್ಟರ್ ಮತ್ತು ಸಾಕೆಟ್ ನಡುವೆ ಸಂದು ಇದೆಯೇ ಎಂದು ಟಾರ್ಚ್ ಹಾಕಿ ನೋಡಿ.

ಎಸ್‌ಎಂಪಿಎಸ್ ಪರೀಕ್ಷಿಸಲು ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಹಾಕುವ ವಿದ್ಯೆ ಎಲ್ಲರಿಗೂ ಗೊತ್ತು. ಅದರಿಂದ ತಿಳಿಯುವುದು ಎಸ್‌ಎಂಪಿಎಸ್ ಆನ್ ಆಗುತ್ತದೆ ಎಂಬುದಷ್ಟೇ, ಭಾರ ಹೊರುತ್ತದೆಯೇ ಎಂಬುದಲ್ಲ. ಮಲ್ಟಿಮೀಟರ್ ಇದ್ದರೆ ಯಂತ್ರ ಓಡುವಾಗ 12 ವೋಲ್ಟ್ ತಂತಿ ನೋಡಿ: 11.4ರಿಂದ 12.6ರ ಒಳಗಿರಬೇಕು. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯದ ಚಾರ್ಜ್ ಉಳಿದಿರುತ್ತದೆ.

ಹಳೆಯ ಬೋರ್ಡು, ಹೊಸ ಕಾರ್ಡು

ಕಾರ್ಡಿನೊಳಗೂ ಒಂದು ಸಣ್ಣ ಬಯೋಸ್ ಇರುತ್ತದೆ. ಆನ್ ಆದಾಗ ಮದರ್‌ಬೋರ್ಡಿನ ಬಯೋಸ್ ಅದನ್ನು ಓದಿ ನಡೆಸಿದರೆ ಮಾತ್ರ ಮೊದಲ ಚಿತ್ರ ಮೂಡುತ್ತದೆ. ಹಳೆಯ ಪದ್ಧತಿಗೆ ಲೆಗಸಿ ಎನ್ನುತ್ತಾರೆ, ಹೊಸದಕ್ಕೆ ಯುಇಎಫ್‌ಐ. ಇವೆರಡರ ಭಾಷೆ ಹೊಂದದಿದ್ದಾಗ ಕಾರ್ಡೂ ಸರಿ, ಬೋರ್ಡೂ ಸರಿ, ಡಿಸ್‌ಪ್ಲೇ ಮಾತ್ರ ಇಲ್ಲ. 2011ರಲ್ಲಿ ಬಂದ ಇಂಟೆಲ್ ಎಚ್61 ಬೋರ್ಡುಗಳು ನಮ್ಮಲ್ಲಿ ಇಂದಿಗೂ ಓಡುತ್ತಿವೆ. ಇಂಥ ಯಂತ್ರಗಳಲ್ಲಿ ಹೊಸ ಕಾರ್ಡ್ ಹಾಕಿ ಸ್ಕ್ರೀನ್ ಕಪ್ಪಾದರೆ ಬೋರ್ಡಿನ ಬಯೋಸ್ ಅಪ್‌ಡೇಟ್ ಮೊದಲ ಮದ್ದು. ಇಂಟೆಲ್‌ನ ಆರ್ಕ್ ಕಾರ್ಡ್ ಕೊಳ್ಳುವವರು ಇನ್ನೂ ಎಚ್ಚರ ವಹಿಸಬೇಕು: ಇಂಟೆಲ್ ಅವಕ್ಕೆ 10ನೇ ತಲೆಮಾರಿನ ಪ್ರೊಸೆಸರಿನಿಂದ ಈಚಿನದನ್ನೇ ಹೇಳುತ್ತದೆ, ಲೆಗಸಿ ಹೊಂದಾಣಿಕೆಯ ಸಿಎಸ್‌ಎಂ ಆಯ್ಕೆ ಆಫ್ ಇರಬೇಕು.

ಚಿತ್ರವೇ ಇಲ್ಲದೆ ಬಯೋಸ್ ಒಳಗೆ ಹೋಗುವುದು ಹೇಗೆ? ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇದ್ದರೆ ಕಾರ್ಡ್ ಪೂರ್ತಿ ತೆಗೆದು ಬೋರ್ಡಿಗೆ ಮಾನಿಟರ್ ಸಿಕ್ಕಿಸಿ. ಇಲ್ಲದಿದ್ದರೆ ಹಳೆಯ ಕಾರ್ಡ್ ಹಾಕಿ. ಅದಕ್ಕೇ ಹೊಸದು ಸರಿಯಾಗುವವರೆಗೆ ಹಳೆಯ ಕಾರ್ಡ್ ಮಾರಬಾರದು. ಒಳಗೆ ಹೋದ ಮೇಲೆ ಬಯೋಸ್ ಆವೃತ್ತಿ ಹೊಸದು ಮಾಡಿ, ಪ್ರೈಮರಿ ಡಿಸ್‌ಪ್ಲೇ ಎಂಬಲ್ಲಿ ಪಿಇಜಿ ಅಥವಾ ಪಿಸಿಐಇ ಆಯ್ದುಕೊಳ್ಳಿ. ಅಲ್ಲಿ ಐಜಿಎಫ್‌ಎಕ್ಸ್ ಎಂದಿದ್ದರೆ ಚಿತ್ರ ಬೋರ್ಡಿನಿಂದಲೇ ಹೊರಡುತ್ತದೆ. ಸಿಎಸ್‌ಎಂ ಆಫ್ ಮಾಡುವ ಮುನ್ನ ವಿಂಡೋಸ್ ಇರುವ ಡಿಸ್ಕಿನ ವಿಂಗಡಣೆ ಹೊಸ ಪದ್ಧತಿಯ ಜಿಪಿಟಿಯೋ ಹಳೆಯ ಎಂಬಿಆರೋ ನೋಡಿ. ಎಂಬಿಆರ್ ಆದರೆ ವಿಂಡೋಸ್ ಏಳುವುದಿಲ್ಲ. ವಿಂಡೋಸ್ 10ರ 1703 ಆವೃತ್ತಿಯಿಂದ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಡಿಸ್ಕನ್ನು ಬದಲಿಸಬೇಕು. ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಯನ್ನೂ ಬರೆದಿಟ್ಟುಕೊಳ್ಳಿ, ಬಯೋಸ್ ಬದಲಾದರೆ ಅದು ಕೇಳುತ್ತದೆ.

ಬಯೋಸ್ ಒಳಗೆ ಹೋಗಲು ದಾರಿಯೇ ಇಲ್ಲದಿದ್ದರೆ ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ಸಿಆರ್2032 ಸೆಲ್ ಕೆಲವು ನಿಮಿಷ ತೆಗೆದು ಮತ್ತೆ ಹಾಕಿ. ಹಿಂದಿನ ಸೆಟ್ಟಿಂಗ್ ಅಳಿದುಹೋಗುತ್ತದೆ. ಹಳೆಯ ಯಂತ್ರವಾದರೆ ಆ ಸೆಲ್ಲನ್ನು ಹೊಸದೇ ಹಾಕಿಬಿಡಿ.

ಕಚೇರಿಗಳಿಂದ ಹೊರಬಿದ್ದು ರಿಫರ್ಬಿಶ್ಡ್ ಎಂದು ಮಾರುವ ಬ್ರ್ಯಾಂಡೆಡ್ ಡೆಸ್ಕ್‌ಟಾಪುಗಳಿಗೆ ಕಾರ್ಡ್ ಹಾಕುವವರು ಈಗ ಬಹಳ. ಅವುಗಳ ಎಸ್‌ಎಂಪಿಎಸ್ ಆ ಕಂಪನಿಯದೇ ಆಕಾರದ್ದು, ಅನೇಕದರಲ್ಲಿ 6 ಪಿನ್ ವೈರು ಕೂಡ ಇಲ್ಲ, ಸಣ್ಣ ಕ್ಯಾಬಿನೆಟ್ಟಾದರೆ ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡ್ ಮಾತ್ರ ಹಿಡಿಸುತ್ತದೆ. ಸ್ಲಾಟಿನಿಂದಲೇ ಬದುಕುವ 75 ವ್ಯಾಟಿನೊಳಗಿನ ಕಾರ್ಡ್ ಬಿಟ್ಟು ಬೇರೆ ಆಸೆ ಪಡಬೇಡಿ.

ಡಿಸ್‌ಪ್ಲೇ ಪೋರ್ಟಿನಲ್ಲಿ ಮಾತ್ರ ವಿಂಡೋಸ್ ಬರುವವರೆಗೆ ಕಪ್ಪಾಗಿದ್ದು, ಎಚ್‌ಡಿಎಂಐನಲ್ಲಿ ಎಲ್ಲ ಸರಿಯಿದ್ದರೆ ಅದಕ್ಕೆ ಕಾರ್ಡಿನೊಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಕಾರಣವಿರಬಹುದು. ಡಿಸ್‌ಪ್ಲೇ ಪೋರ್ಟ್ 1.3 ಮತ್ತು 1.4 ಮಾನಿಟರುಗಳ ಜೊತೆ ಹೀಗಾಗುತ್ತಿದ್ದುದಕ್ಕೆ ಎನ್ವಿಡಿಯಾ 2018ರಲ್ಲಿ ಜಿಟಿಎಕ್ಸ್ 900, 1000 ಸರಣಿಗಳಿಗೆ ತಿದ್ದುಪಡಿ ಕೊಟ್ಟಿತು. ಎಚ್‌ಡಿಎಂಐನಿಂದ ಬೂಟ್ ಮಾಡಿ ಆ ಸಾಧನ ಓಡಿಸಬೇಕು.

ಲೋಗೋ ಬಂದು ಆಮೇಲೆ ಕಪ್ಪಾದರೆ

ಹಾರ್ಡ್‌ವೇರ್ ಬಹುಮಟ್ಟಿಗೆ ಪಾಸಾಗಿದೆ. ತಪ್ಪು ಡ್ರೈವರಿನಲ್ಲಿ ಅಥವಾ ರೆಸಲ್ಯೂಶನ್‌ನಲ್ಲಿ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಡಿಸ್‌ಪ್ಲೇ ಡ್ರೈವರ್ ಮತ್ತೆ ಶುರುವಾಗುತ್ತದೆ, ಒಂದು ಬೀಪ್ ಕೇಳಿಸುತ್ತದೆ. ಹಳೆಯ ಕಾರ್ಡ್ ಎಎಂಡಿಯದಾಗಿದ್ದು ಹೊಸದು ಎನ್ವಿಡಿಯಾ ಆಗಿದ್ದರೆ, ಅಥವಾ ತಿರುವುಮುರುವಾಗಿದ್ದರೆ, ಹಳೆಯ ಡ್ರೈವರ್ ಅವಶೇಷಗಳು ತೊಡಕು ಮಾಡುತ್ತವೆ. ವಿಂಡೋಸ್ ಲೋಡ್ ಆಗುವಾಗ ಪವರ್ ಬಟನ್ ಒತ್ತಿ ಹಿಡಿದು ಎರಡು ಮೂರು ಸಲ ಆಫ್ ಮಾಡಿದರೆ ರಿಕವರಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೋಗಿ ರೀಸ್ಟಾರ್ಟ್ ಕೊಟ್ಟು, ಪಟ್ಟಿ ಬಂದಾಗ 4 ಒತ್ತಿದರೆ, ಕನಿಷ್ಠ ಡ್ರೈವರುಗಳಲ್ಲೇ ಏಳುವ ಸೇಫ್ ಮೋಡ್. ಅಲ್ಲಿ ಚಿತ್ರ ಬಂದರೆ ಕಾರ್ಡ್ ನಿರಪರಾಧಿ ಎಂದು ಬಹುಪಾಲು ಹೇಳಬಹುದು. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಅಂದರೆ ಡಿಡಿಯು, ಓಡಿಸಿ ಹಳೆಯದನ್ನೆಲ್ಲ ಗುಡಿಸಿ. ಇಂಟರ್ನೆಟ್ ಕೇಬಲ್ ಕಿತ್ತಿಡಿ, ಇಲ್ಲದಿದ್ದರೆ ವಿಂಡೋಸ್ ನಡುವೆ ತನ್ನದೊಂದು ಡ್ರೈವರ್ ಹಾಕಿಬಿಡುತ್ತದೆ. ಆಮೇಲೆ ಕಂಪನಿಯ ತಾಣದಿಂದ ಮೊದಲೇ ಇಳಿಸಿಟ್ಟ ಡ್ರೈವರ್ ಹಾಕಿ.

ಗೇಮ್ ತೆರೆದಾಗ ಮಾತ್ರ ಹೋಗುವುದಾದರೆ ಮೇಲಿನ ಕರೆಂಟ್ ಲೆಕ್ಕಕ್ಕೆ ಹಿಂತಿರುಗಿ. ಜೊತೆಗೆ ಯುಪಿಎಸ್ ನೋಡಿ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ಕಾರ್ಡ್, ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿ ಅದನ್ನು ದಾಟಿದರೆ ಅದು ಕಿರುಚಿ ಕಟ್ ಆಗುತ್ತದೆ. ಒಮ್ಮೆ ನೇರ ಗೋಡೆಯ ಪ್ಲಗ್ಗಿನಿಂದ ಓಡಿಸಿ ನೋಡಿದರೆ ತಿಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಕಾರ್ಡಾದರೆ

ನಿಮಗೆ ಹೊಸದು, ಇನ್ನೊಬ್ಬರಿಗೆ ಹಳೆಯದು ಎಂಬಂಥ ಕಾರ್ಡುಗಳಿಗೆ ಇನ್ನೆರಡು ಅನುಮಾನ ಸೇರಿಸಿ. ಕ್ರಿಪ್ಟೋ ಮೈನಿಂಗಿನಲ್ಲಿ ದುಡಿದ ಆರ್‌ಎಕ್ಸ್ 470, 580ಗಳ ಬಯೋಸ್ ತಿದ್ದಿರುತ್ತಾರೆ, ಅದರಿಂದಲೂ ಡಿಸ್‌ಪ್ಲೇ ಹೋಗಬಹುದು. ಕಾರ್ಡಿನ ಅಂಚಿನಲ್ಲಿ ಬಯೋಸ್ ಸ್ವಿಚ್ ಇದ್ದರೆ ಯಂತ್ರ ಆಫ್ ಮಾಡಿ ಅದನ್ನು ಇನ್ನೊಂದು ಕಡೆಗೆ ತಳ್ಳಿ ನೋಡಿ. ಎನ್ವಿಡಿಯಾದ ಪಿ106-100 ಎಂಬುದು ಮೈನಿಂಗಿಗೆಂದೇ ಮಾಡಿದ್ದು, ಚಿತ್ರ ಹೊರಗೆ ಕೊಡುವ ವ್ಯವಸ್ಥೆಯೇ ಅದರಲ್ಲಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ತಂದವರು ಪೋರ್ಟ್ ಹುಡುಕುತ್ತ ಕೂರುತ್ತಾರೆ. ಹಳೆಯ ಚಿಪ್ಪಿಗೆ ‘1050 ಟಿಐ’ ಎಂದು ಹೆಸರು ಬರೆದು ಮಾರುವ ನಕಲಿಗಳೂ ಇವೆ. ಜಿಪಿಯು-ಝಡ್ ತಂತ್ರಾಂಶ ಅನೇಕ ಸಲ ಇವನ್ನು ‘ಫೇಕ್’ ಎಂದೇ ಗುರುತಿಸುತ್ತದೆ.

ಅದಲುಬದಲು ಪರೀಕ್ಷೆ

ಇಷ್ಟಾದರೂ ಬಗೆಹರಿಯದಿದ್ದರೆ ಗೆಳೆಯರದೋ ಅಂಗಡಿಯದೋ ಯಂತ್ರ ಬೇಕು, ಒಳ್ಳೆಯ ಎಸ್‌ಎಂಪಿಎಸ್ ಇರುವಂಥದ್ದು. ನಿಮ್ಮ ಕಾರ್ಡ್ ಅಲ್ಲಿ ಚಿತ್ರ ಕೊಟ್ಟರೆ ದೋಷ ನಿಮ್ಮ ಯಂತ್ರದಲ್ಲಿದೆ. ಅಲ್ಲಿ ಕೊಡದೆ, ಅವರ ಕಾರ್ಡ್ ನಿಮ್ಮಲ್ಲಿ ಕೊಟ್ಟರೆ ನಿಮ್ಮ ಕಾರ್ಡೇ ಹೋಗಿದೆ. ಆದರೆ ಅವರದು ಸಣ್ಣ ಕಾರ್ಡಾಗಿದ್ದರೆ ನಿಮ್ಮ ಎಸ್‌ಎಂಪಿಎಸ್ ಬಚಾವಾಯಿತೆಂದು ತಿಳಿಯಬೇಡಿ: 19 ವ್ಯಾಟಿನ ಜಿಟಿ 710 ಯಾವ ಎಸ್‌ಎಂಪಿಎಸ್‌ನಲ್ಲೂ ಓಡುತ್ತದೆ. ಎರಡೂ ಕಾರ್ಡುಗಳು ನಿಮ್ಮಲ್ಲಿ ಸುಮ್ಮನಿದ್ದರೆ ಸ್ಲಾಟ್ ಅಥವಾ ಬೋರ್ಡ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದೇ ತಿಳಿಯುವುದಿಲ್ಲ.

ಕಾರ್ಡೇ ಎಂದು ಖಚಿತವಾದರೆ ಅದನ್ನು ಬಿಚ್ಚಬೇಡಿ, ಸ್ಕ್ರೂ ಮೇಲಿನ ಸ್ಟಿಕರ್ ಮುಟ್ಟಬೇಡಿ. ಸೀರಿಯಲ್ ನಂಬರ್ ಕಾರ್ಡಿನ ಮೇಲೂ ಪೆಟ್ಟಿಗೆಯ ಮೇಲೂ ಒಂದೇ ಇದೆಯೇ ನೋಡಿ ಫೋಟೋ ತೆಗೆದಿಡಿ, ಜಿಎಸ್‌ಟಿ ಬಿಲ್ ಹುಡುಕಿಡಿ. ಆನ್‌ಲೈನಿನಲ್ಲಿ ಕೊಂಡಿದ್ದರೆ ವಾಪಸಾತಿಯ ಗಡುವು ಮೊದಲು ನೋಡಿ. ಅದು ಮುಗಿದರೆ ಮಾರಿದವರನ್ನು ಬಿಟ್ಟು ಸರ್ವಿಸ್ ಸೆಂಟರ್ ದಾರಿ ಹಿಡಿಯಬೇಕಾಗುತ್ತದೆ, ಅದಕ್ಕೆ ಹೆಚ್ಚು ದಿನ ಬೇಕು. ಅಲ್ಲಿ ‘ಡಿಸ್‌ಪ್ಲೇ ಬರ್ತಿಲ್ಲ’ ಎಂದಷ್ಟೇ ಬರೆಸಬೇಡಿ. ಯಾವ ಬೋರ್ಡು, ಯಾವ ಎಸ್‌ಎಂಪಿಎಸ್, ಯಾವ ದೀಪ ನಿಂತಿತ್ತು, ಬೇರೆ ಯಂತ್ರದಲ್ಲಿ ಹಾಕಿ ನೋಡಿದಾಗ ಏನಾಯಿತು ಎಂಬುದನ್ನೂ ಚೀಟಿಯಲ್ಲಿ ಬರೆಸಿ. ಕಾರ್ಡನ್ನು ಅದು ಬಂದಿದ್ದ ಆಂಟಿ-ಸ್ಟ್ಯಾಟಿಕ್ ಕವರಿನಲ್ಲೇ ಹಾಕಿ, ಪೋರ್ಟುಗಳ ಮುಚ್ಚಳ ಮತ್ತೆ ಸಿಕ್ಕಿಸಿ ಕೊಡಿ.